ಹಳ್ಳಿಯ ಮೇಷ್ಟ್ರಿಗೆ ಏನು ಕಡಮೆಯಾಗಿದೆ?

ಪಟ್ಟಣದಲ್ಲಿ ನಾಲ್ವರು ವಿದ್ಯಾವಂತರು ಕೂಡಿದ ಕಡೆ ಹಳ್ಳಿಯ ಶಾಲೆಯ ಮಾತು ಬಂತೆಂದರೆ ಒಂದು ಪ್ರಶ್ನೆ ತಪ್ಪದೆ ಹಿಂದೆಯೇ ಬರುತ್ತದೆ: “ಈಗಿನ ಮೇಷ್ಟ್ರುಗಳಿಗೆ ಏನು ಕಡಮೆಯಾಗಿದೆ, ಸ್ವಾಮಿ?” ಇದು ಪ್ರಶ್ನೆಯ ವೇಷ ತೊಟ್ಟ ತೀರ್ಪು. ಕೈತುಂಬ ಸಂಬಳ, ದಸರೆಗೊಂದು ರಜೆ, ಬೇಸಗೆಗೊಂದು ರಜೆ, ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವ ಸುಖ. ಇಷ್ಟಾದ ಮೇಲೂ ಆತನ ಮುಖದಲ್ಲಿ ಗೆಲುವಿಲ್ಲವೆಂದರೆ ಅದು ಆತನ ಸ್ವಭಾವದೋಷ ಎಂದು ತೀರ್ಮಾನ. ಇದೇ ಮಹನೀಯರು ಸೆಪ್ಟೆಂಬರ್ ಐದನೆಯ ತಾರೀಖು ವೇದಿಕೆ ಹತ್ತಿದರೆಂದರೆ ರಾಗ ಬದಲಾಗುತ್ತದೆ. ಆಗ ಅದೇ ಮೇಷ್ಟ್ರು ದೇವರು, ದೀಪ, ತಾನು ಕರಗಿ ಲೋಕಕ್ಕೆ ಬೆಳಕು ಕೊಡುವ ಮೇಣದ ಬತ್ತಿ.

ಬೈಗುಳವೂ ಹೊಗಳಿಕೆಯೂ ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಎರಡೂ ಮಾಡುವುದು ಒಂದೇ ಕೆಲಸವನ್ನು. ಹಳ್ಳಿಯ ಉಪಾಧ್ಯಾಯರು ಬೆಳಗಿನಿಂದ ಸಂಜೆಯವರೆಗೆ ನಿಜವಾಗಿ ಏನು ಮಾಡುತ್ತಾರೆ ಎಂದು ಕೇಳುವ ತೊಂದರೆಯಿಂದ ಅವು ನಮ್ಮನ್ನು ಪಾರುಮಾಡುತ್ತವೆ. ಸೋಮಾರಿಯ ದಿನಚರಿಯನ್ನು ಯಾರೂ ಕೇಳುವುದಿಲ್ಲ. ದೇವರ ದಿನಚರಿಯನ್ನೂ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಕಡಮೆಯಾಗಿರುವುದು ಯಾವುದು ಎಂಬುದು ಎಂದೋ ಗೊತ್ತಾಗುತ್ತಿತ್ತು.

ಮೊದಲು ಸಂಬಳದ ಮಾತನ್ನೇ ಮುಗಿಸಿಬಿಡೋಣ. ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸು ೨೦೨೪ರ ಆಗಸ್ಟ್ ೧ರಿಂದ ಜಾರಿಗೆ ಬಂತು. ಸರಕಾರಿ ನೌಕರರ ಕನಿಷ್ಠ ಮೂಲವೇತನ ೧೭,೦೦೦ ರೂಪಾಯಿಯಿಂದ ೨೭,೦೦೦ ರೂಪಾಯಿಗೆ ಏರಿತು. ಉಪಾಧ್ಯಾಯರ ಶ್ರೇಣಿ ಅದಕ್ಕಿಂತ ಮೇಲಿನದು. ಅರ್ಧ ಶತಮಾನದ ಹಿಂದೆ, ತಿಂಗಳ ಕೊನೆಯಲ್ಲಿ ಅಂಗಡಿಯ ಸಾಲದ ಪುಸ್ತಕಕ್ಕೆ ಹೆದರುತ್ತಿದ್ದ ಮೇಷ್ಟ್ರ ಚಿತ್ರ ಖಾಯಂ ಉಪಾಧ್ಯಾಯರ ಮಟ್ಟಿಗೆ ಇಂದು ಸಲ್ಲದು. ಇದನ್ನು ಒಪ್ಪಬೇಕು. ಆದರೆ ಒಪ್ಪುವಾಗ ಎರಡು ಸಂಗತಿಗಳನ್ನು ಮರೆಯಬಾರದು. ೨೦೦೬ರ ಏಪ್ರಿಲ್ ೧ರಿಂದೀಚೆಗೆ ಕೆಲಸಕ್ಕೆ ಸೇರಿದವರಿಗೆ ಹಳೆಯ ಪಿಂಚಣಿಯಿಲ್ಲ. ಅವರ ಮುಪ್ಪಿನ ಭದ್ರತೆ ಪೇಟೆಯ ಏರಿಳಿತಕ್ಕೆ ಕಟ್ಟುಬಿದ್ದ ಹೊಸ ಯೋಜನೆಯದು. ಇನ್ನು ಹಳ್ಳಿಯ ಶಾಲೆಗಳ ಖಾಲಿ ಹುದ್ದೆಗಳನ್ನು ತುಂಬಿ ನಿಂತಿರುವ ‘ಅತಿಥಿ ಶಿಕ್ಷಕ’ರೆಂಬ ವರ್ಗವಿದೆ. ಎಂಥ ಚೆಂದದ ಹೆಸರು! ಮನೆಯ ಕೆಲಸವನ್ನೆಲ್ಲ ಮಾಡಿ, ಶಾಲೆಯ ವರ್ಷ ಮುಗಿದೊಡನೆ ಹೊರಟುಹೋಗಬೇಕಾದ ಅತಿಥಿ ಇವರಲ್ಲದೆ ಬೇರೆಲ್ಲಿಯೂ ಇರಲಾರರು. ಖಾಯಂ ಉಪಾಧ್ಯಾಯರಷ್ಟೇ ಪಾಠ, ಅವರಷ್ಟೇ ಮಕ್ಕಳು. ಗೌರವಧನ ಮಾತ್ರ ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಆಸುಪಾಸು. ಇವರಿಗೆ ಏನು ಕಡಮೆಯಾಗಿದೆ ಎಂದು ಕೇಳುವವರು ಮೊದಲು ತಮ್ಮ ಮನೆಯ ಹುಡುಗನೊಬ್ಬನನ್ನು ಬಿ.ಎಡ್. ಓದಿಸಿ ಆ ಅತಿಥಿಸತ್ಕಾರಕ್ಕೆ ಕಳಿಸಿ ನೋಡಲಿ.

ಆದರೆ ನನ್ನ ವಾದ ಸಂಬಳದ್ದಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು ನಾನು. ನನ್ನಲ್ಲಿ ಓದಿದ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಹಳ್ಳಿಯ ಶಾಲೆಗಳಲ್ಲಿದ್ದಾರೆ. ರಜೆಯಲ್ಲಿ ಬಂದಾಗ ಸುಖದುಃಖ ಹೇಳಿಕೊಳ್ಳುತ್ತಾರೆ. ಖಾಯಂ ಕೆಲಸದಲ್ಲಿರುವವರು ಮೊದಲು ಸಂಬಳದ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ಅವರು ಹೇಳುವುದು ಒಂದೇ: “ಸಾರ್, ಪಾಠ ಮಾಡಲು ಬಿಡುತ್ತಿಲ್ಲ.”

ಈ ಮಾತಿನ ತಿರುಳನ್ನು ತಿಳಿಯಲು ದೂರದ ಒಬ್ಬ ಪಂಡಿತನ ಸಹಾಯ ಪಡೆಯಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್, ಪಿಟ್ಸ್‌ಬರ್ಗ್ ಸುತ್ತಿನ ಸುಮಾರು ೨೦೦ ಮಂದಿ ಇಂಜಿನಿಯರುಗಳನ್ನೂ ಲೆಕ್ಕಪತ್ರದವರನ್ನೂ ಮಾತನಾಡಿಸಿ, ತನ್ನ ಸಹೋದ್ಯೋಗಿಗಳೊಡನೆ ೧೯೫೯ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಆತ ಹೇಳಿದುದರ ಸಾರ ಇಷ್ಟು: ಕೆಲಸದಲ್ಲಿ ಬೇಸರ ಹುಟ್ಟಿಸುವ ಕಾರಣಗಳು ಬೇರೆ, ತೃಪ್ತಿ ಕೊಡುವ ಕಾರಣಗಳು ಬೇರೆ. ಸಂಬಳ, ಮೇಲಧಿಕಾರಿಯ ನಡತೆ, ಕಚೇರಿಯ ನಿಯಮ, ಕೆಲಸದ ಸ್ಥಳ, ಇವು ಕೆಟ್ಟರೆ ಮನುಷ್ಯ ಗೊಣಗುತ್ತಾನೆ. ಸರಿಯಾದರೆ ಗೊಣಗುವುದು ನಿಲ್ಲುತ್ತದೆ, ಅಷ್ಟೆ. ತೃಪ್ತಿ ಬರುವುದು ಬೇರೆ ಕಡೆಯಿಂದ: ಕೆಲಸದಿಂದ, ಅದನ್ನು ಸಾಧಿಸಿದೆನೆಂಬ ಅರಿವಿನಿಂದ, ಸಾಧಿಸಿದ್ದನ್ನು ಇನ್ನೊಬ್ಬರು ಗುರುತಿಸುವುದರಿಂದ. ಈ ವಾದವನ್ನು ಪೂರ್ತಿ ಒಪ್ಪದ ವಿದ್ವಾಂಸರೂ ಇದ್ದಾರೆ; ಇಂಜಿನಿಯರಿನ ಮಾತನ್ನು ಉಪಾಧ್ಯಾಯನಿಗೆ ಹೇಗೆ ಅನ್ವಯಿಸುವುದು ಎಂದೂ ಕೇಳಬಹುದು. ಆದರೂ ವ್ಯಾಕರಣ ಹೇಳುವ ನನಗೆ ಇದರಲ್ಲೊಂದು ಹೊಸ ಪಾಠ ಕಂಡಿತು. ‘ಅತೃಪ್ತಿ’ಯನ್ನು ನಾವು ‘ತೃಪ್ತಿ’ಯ ವಿರುದ್ಧಪದವೆಂದು ಮಕ್ಕಳಿಗೆ ಬರೆಸುತ್ತೇವೆ. ನಿಘಂಟಿನಲ್ಲಿ ಅದು ಸರಿ. ಬಾಳಿನಲ್ಲಿ ಅತೃಪ್ತಿಯನ್ನು ತೆಗೆದುಹಾಕಿದ ಮಾತ್ರಕ್ಕೆ ತೃಪ್ತಿ ಬಂದು ಕೂರುವುದಿಲ್ಲ. ಅದಕ್ಕೆ ಬೇರೆ ಮಣೆ ಹಾಕಬೇಕು. ನಮ್ಮ ಸರಕಾರಗಳು ಸಂಬಳ ಹೆಚ್ಚಿಸಿ ಮೊದಲನೆಯದನ್ನು ಒಂದಿಷ್ಟು ಮಾಡಿವೆ. ಎರಡನೆಯದಕ್ಕೆ ಬಂದರೆ, ಇದ್ದ ಮಣೆಯನ್ನೂ ಎತ್ತಿಟ್ಟಿವೆ.

ಹೇಗೆಂದರೆ, ನೋಡಿ. ಎರಡೇ ಉಪಾಧ್ಯಾಯರಿರುವ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಆಕೆಯ ಶಾಲೆಗೆ ಗುಮಾಸ್ತನಿಲ್ಲ, ಜವಾನನಿಲ್ಲ. ಬೀಗ ತೆಗೆಯುವವಳು ಆಕೆಯೇ. ಅಕ್ಕಿ ಬೇಳೆ ಅಳೆದುಕೊಡಬೇಕು. ಊಟಕ್ಕೆಷ್ಟು ಮಂದಿ, ಹಾಲಿಗೆಷ್ಟು, ಮೊಟ್ಟೆಗೆಷ್ಟು, ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು ಎಷ್ಟು ಎಂದು ಲೆಕ್ಕ ಬರೆಯಬೇಕು. ಸರಕಾರ ಗೊತ್ತುಮಾಡಿದ ದರಕ್ಕಿಂತ ಅಂಗಡಿಯ ದರ ಹೆಚ್ಚಾದ ವಾರ ಆ ವ್ಯತ್ಯಾಸವನ್ನು ತುಂಬುವುದು ಮುಖ್ಯೋಪಾಧ್ಯಾಯರ ಜೇಬು. ಸಮವಸ್ತ್ರ, ಷೂ, ಪುಸ್ತಕ ಬಂದರೆ ತಾನೇ ಹೋಗಿ ತಂದು, ಹಂಚಿ, ಸಹಿ ಪಡೆಯಬೇಕು. ವಿದ್ಯಾರ್ಥಿವೇತನಕ್ಕೆ ಮಗುವಿನ ಆಧಾರ್, ಬ್ಯಾಂಕಿನ ಖಾತೆ, ಜಾತಿ ಆದಾಯದ ಪತ್ರ ಕೂಡಿಸಬೇಕು. ಒಂದು ಪತ್ರದಲ್ಲಿ ‘ಮಂಜುನಾಥ’, ಇನ್ನೊಂದರಲ್ಲಿ ‘ಮಂಜುನಾಥ್’ ಎಂದಿದ್ದರೆ ಮತ್ತೆ ಮೊದಲಿನಿಂದ. ಇದರ ನಡುವೆ ಮೊಬೈಲಿನಲ್ಲಿ ವಾಟ್ಸಾಪ್ ಸಂದೇಶ: ಈ ಮಾಹಿತಿ ಮಧ್ಯಾಹ್ನದೊಳಗೆ, ಆ ಫೋಟೋ ಸಂಜೆಯೊಳಗೆ. ಮೊನ್ನೆ ಆಕೆ ಹೇಳಿದಳು: “‘ನ’ಕಾರಕ್ಕೂ ‘ಣ’ಕಾರಕ್ಕೂ ನಾಲಿಗೆ ಎಲ್ಲಿ ತಾಗುತ್ತದೆ ಎಂದು ಮಕ್ಕಳಿಗೆ ತೋರಿಸಿಕೊಡಬೇಕೆಂದು ನಾಲ್ಕು ದಿನದಿಂದ ಕಾದಿದ್ದೇನೆ, ಸಾರ್. ಇನ್ನೂ ಆಗಿಲ್ಲ.”

ನನಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನಿಯಮದಂತೆ ವಾರಕ್ಕೆ ೧೬ ಗಂಟೆಯ ಪಾಠ. ಕಾಲೇಜಿನ ಕಡತ ನೋಡಿಕೊಳ್ಳಲು ಗುಮಾಸ್ತರಿದ್ದಾರೆ, ಗಂಟೆ ಬಾರಿಸಲು ಜವಾನರಿದ್ದಾರೆ. ನಾನು ಉಕ್ಕುವ ಉತ್ಸಾಹದಿಂದ ಪಂಪನನ್ನು ಪಾಠ ಹೇಳಬಲ್ಲೆನಾದರೆ ಅದಕ್ಕೆ ಪಂಪನಷ್ಟೇ ಆ ಗುಮಾಸ್ತರೂ ಕಾರಣ. ಹದಿನೆಂಟು ವರ್ಷದ ಹುಡುಗರಿಗೆ ಪಾಠ ಹೇಳುವವನಿಗೆ ಸಹಾಯಕರು ಬೇಕು, ಆರು ವರ್ಷದ ಮಗುವಿಗೆ ಅಕ್ಷರ ಕಲಿಸುವವಳಿಗೆ ಬೇಡ ಎಂಬುದು ಯಾವ ನ್ಯಾಯ?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಶಾಲೆಯ ಊಟದ ಮೇಲೆ ನನಗೆ ಆಕ್ಷೇಪವಿಲ್ಲ. ಸರ್ವೋಚ್ಚ ನ್ಯಾಯಾಲಯ ೨೦೦೧ರ ನವೆಂಬರಿನಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. ಮರುವರ್ಷ ನಮ್ಮ ಈಶಾನ್ಯದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಮೊದಲಾಗಿ ಆಮೇಲೆ ನಾಡಿಗೆಲ್ಲ ಹಬ್ಬಿತು. ೨೦೧೩ರಲ್ಲಿ ಹಾಲು ಬಂತು, ಆಮೇಲೆ ಮೊಟ್ಟೆ ಬಂತು. ಹಸಿದ ಮಗುವಿಗೆ ಕಾಗುಣಿತ ಹತ್ತದು. ಇದನ್ನು ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಊಟ ಬಂದುದು ತಪ್ಪಲ್ಲ. ಊಟದ ಜೊತೆಗೆ ಅದರ ಲೆಕ್ಕ ಬರೆಯುವ ಒಬ್ಬ ಮನುಷ್ಯನನ್ನು ಕಳಿಸದೆ ಇದ್ದುದು ತಪ್ಪು. ಒಂದೊಂದು ಒಳ್ಳೆಯ ಯೋಜನೆಯೂ ಪಾಠದ ಅವಧಿಯಿಂದ ಅರ್ಧರ್ಧ ಗಂಟೆಯನ್ನು ಕಡ ಪಡೆದಿದೆ. ಯಾವುದೂ ತಿರುಗಿ ತೀರಿಸಿಲ್ಲ.

ಶಾಲೆಯೊಳಗಣ ಕೆಲಸ ಇದಾದರೆ ಹೊರಗಿನದು ಬೇರೆ. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನಿನ ೨೭ನೆಯ ವಿಧಿ ತಿಳಿಗನ್ನಡದಷ್ಟು ತಿಳಿಯಾಗಿದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಕೋಪ ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಉಪಾಧ್ಯಾಯರನ್ನು ಹಚ್ಚಬಾರದು ಎನ್ನುತ್ತದೆ ಅದು. ಚುನಾವಣೆಯ ಕೆಲಸವನ್ನು ಕೂಡ ರಜಾದಿನಗಳಲ್ಲಿ, ಪಾಠವಿಲ್ಲದ ದಿನಗಳಲ್ಲಿ ಮಾಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೦೭ರಲ್ಲಿಯೇ ಹೇಳಿತ್ತು. ನಡೆದುದೇನು? ೨೦೧೫ರಲ್ಲಿ ಒಂದು ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ; ಮನೆಮನೆ ಹತ್ತಿ ಇಳಿದವರು ಉಪಾಧ್ಯಾಯರು. ೨೦೨೫ರ ಸೆಪ್ಟೆಂಬರ್ ೨೨ರಿಂದ ಇನ್ನೊಂದು, ಮತ್ತೆ ಉಪಾಧ್ಯಾಯರೇ. ಗೊತ್ತುಮಾಡಿದ ದಿನದೊಳಗೆ ಅದು ಮುಗಿಯದೆ ಹೋದುದರಿಂದ ಸರಕಾರಿ, ಅನುದಾನಿತ ಶಾಲೆಗಳ ದಸರೆಯ ರಜೆಯನ್ನು ಅಕ್ಟೋಬರ್ ೧೮ರವರೆಗೆ ಬೆಳೆಸಲಾಯಿತು. ಖಾಸಗಿ ಶಾಲೆಯ ಮಕ್ಕಳು ಪಾಠ ಕೇಳುತ್ತಿದ್ದ ಆ ದಿನಗಳಲ್ಲಿ ಸರಕಾರಿ ಶಾಲೆಯ ಮಕ್ಕಳು ಬೀದಿಯಲ್ಲಿ ಗೋಲಿ ಆಡುತ್ತಿದ್ದರು. ಅವರ ಮೇಷ್ಟ್ರು ಮೊಬೈಲಿಗೆ ಸಿಗ್ನಲ್ ಸಿಗುವ ದಿಬ್ಬ ಹುಡುಕುತ್ತಿದ್ದರು.

ಸಮೀಕ್ಷೆ ಬೇಕೋ ಬೇಡವೋ ಎಂಬುದು ಬೇರೆಯ ಚರ್ಚೆ. ಬೇಕೆಂದೇ ಇಟ್ಟುಕೊಳ್ಳೋಣ. ಹಿಂದುಳಿದವರ ಏಳಿಗೆಗಾಗಿ ನಡೆಯುವ ಎಣಿಕೆಯ ಖರ್ಚನ್ನು ಹಿಂದುಳಿದವರ ಮಕ್ಕಳ ಪಾಠದಿಂದಲೇ ಏಕೆ ತೆಗೆಯಬೇಕು ಎಂಬುದಷ್ಟೇ ನನ್ನ ಪ್ರಶ್ನೆ. ನಾಡಿನಲ್ಲಿ ಓದಿ ಕೆಲಸವಿಲ್ಲದೆ ಕುಳಿತ ತರುಣರು ಸಾಲದಾಗಿದ್ದರೆ?

“ಇದೆಲ್ಲ ನೆವ. ಕೆಲಸ ಮಾಡಬೇಕೆಂಬ ಮನಸ್ಸಿದ್ದವರು ಹೇಗಾದರೂ ಮಾಡುತ್ತಾರೆ” ಎನ್ನುವವರಿದ್ದಾರೆ. ಸೋಮಾರಿ ಮೇಷ್ಟ್ರು ಇಲ್ಲವೆ? ಇದ್ದಾರೆ. ಪಾಠ ಬಿಟ್ಟು ಬಡ್ಡಿ ವ್ಯವಹಾರ ಮಾಡುವವರು, ರಾಜಕಾರಣಿಯ ಹಿಂದೆ ತಿರುಗುವವರು, ಸಹಿ ಹಾಕಿ ಮಾಯವಾಗುವವರು, ಇವರನ್ನೆಲ್ಲ ಹಳ್ಳಿಯವರು ಹೆಸರು ಹಿಡಿದು ಹೇಳಬಲ್ಲರು. ಆದರೆ ಈಗಿನ ಏರ್ಪಾಟು ಇವರನ್ನು ಏನು ಮಾಡುತ್ತದೆ ನೋಡಿ. ಪಾಠ ಮಾಡದೆ ಕಾಗದವನ್ನೆಲ್ಲ ಹೊತ್ತಿಗೆ ಸರಿಯಾಗಿ ಕಳಿಸಿದವನು ಒಳ್ಳೆಯ ಉಪಾಧ್ಯಾಯ. ಪಾಠದಲ್ಲಿ ಮೈಮರೆತು ಮಧ್ಯಾಹ್ನದ ಮಾಹಿತಿಯನ್ನು ಸಂಜೆಗೆ ಕಳಿಸಿದವಳಿಗೆ ಕಾರಣ ಕೇಳಿ ನೋಟೀಸು. ಅಂದರೆ ಸೋಮಾರಿಗೆ ರಕ್ಷಣೆ, ಶ್ರದ್ಧಾವಂತರಿಗೆ ಶಿಕ್ಷೆ. ಹತ್ತು ವರ್ಷ ಹೀಗೆ ನಡೆದರೆ ಶ್ರದ್ಧಾವಂತರೂ ಪಾಠ ಕಲಿಯುತ್ತಾರೆ. ಯಾವ ಪಾಠವೆಂದು ಹೇಳಬೇಕಾಗಿಲ್ಲ.

ಹಿಂದೆ ಶಾಲೆಗೆ ಇನ್ಸ್‌ಪೆಕ್ಟರು ಬರುತ್ತಿದ್ದರು. ಮೈಸೂರಿನ ವಿದ್ಯಾ ಇಲಾಖೆಯಲ್ಲಿ ದುಡಿದ ಎಂ. ಆರ್. ಶ್ರೀನಿವಾಸಮೂರ್ತಿಗಳ ‘ರಂಗಣ್ಣನ ಕನಸಿನ ದಿನಗಳು’ ಕಾದಂಬರಿಯ ನಾಯಕ ಅಂಥ ಒಬ್ಬ ಇನ್ಸ್‌ಪೆಕ್ಟರು. ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಹೆದರಿಸುವ ಇನ್ಸ್‌ಪೆಕ್ಟರು, ಬೆಣ್ಣೆ ತುಪ್ಪ ಬೇಡುವ ಇನ್ಸ್‌ಪೆಕ್ಟರು ಆಗಲೂ ಇದ್ದರು. ಆದರೂ ಆತ ಬಂದು ತರಗತಿಯಲ್ಲಿ ಕೂರುತ್ತಿದ್ದ, ಮಗುವಿನಿಂದ ಒಂದು ಪದ್ಯ ಹೇಳಿಸುತ್ತಿದ್ದ, ಪಾಠ ಚೆನ್ನಾಗಿದ್ದರೆ ಚೆನ್ನಾಗಿದೆಯೆಂದು ಪುಸ್ತಕದಲ್ಲಿ ಬರೆಯುತ್ತಿದ್ದ. ಇಂದು ಮೇಲಿನವರು ಬಂದರೆ ಮೊದಲು ಕೇಳುವುದು ಕಡತವನ್ನು. ವರ್ಷಗಟ್ಟಲೆ ಕಷ್ಟಪಟ್ಟು ಕಲಿಸಿದ ಪಾಠವನ್ನು ಬಲ್ಲವರೊಬ್ಬರು ಒಂದು ಸಲವಾದರೂ ಕುಳಿತು ಕೇಳಲಿಲ್ಲವೆಂಬುದಕ್ಕಿಂತ ದೊಡ್ಡ ಬೇಸರ ಉಪಾಧ್ಯಾಯನಿಗೆ ಯಾವುದು?

ಉಪಾಧ್ಯಾಯರ ಕೈಗೆ ಕೆಲಸ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ೧೯೯೫ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಹುಟ್ಟಿತು. ಅಲ್ಲಿನ ಉಪಾಧ್ಯಾಯರು ಆಂಧ್ರದ ಮದನಪಲ್ಲಿಯ ಬಳಿಯ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಕಲಿಕೆಯ ಕ್ರಮ ನೋಡಿದರು. ಬಂದು, ತಾವೇ ಕೂತು ಕಾರ್ಡುಗಳನ್ನು ಬರೆದರು, ಚಿತ್ರ ಬಿಡಿಸಿದರು, ತಮ್ಮ ಮಕ್ಕಳ ಮೇಲೆ ಪರೀಕ್ಷಿಸಿ ತಿದ್ದಿದರು. ಕಾಡಂಚಿನ, ಯಾರೂ ಹೋಗಲೊಲ್ಲದ ತಾಲ್ಲೂಕು ಅದು. ಅಲ್ಲಿ ಅವರಿಗೆ ಸಂಬಳ ಹೆಚ್ಚಾಗಲಿಲ್ಲ, ಬಸ್ಸು ಹೆಚ್ಚಾಗಲಿಲ್ಲ. ‘ಇದು ನಾವು ಮಾಡಿದ್ದು’ ಎನ್ನಬಹುದಾದ ಒಂದು ವಸ್ತು ಮಾತ್ರ ಕೈಗೆ ಬಂತು. ಅಷ್ಟರಿಂದಲೇ ಆ ಶಾಲೆಗಳನ್ನು ನೋಡಲು ದೂರದೂರದವರು ಬರುವಂತಾಯಿತು. ೨೦೦೯-೧೦ರಲ್ಲಿ ಅದೇ ಪದ್ಧತಿಯನ್ನು ನಾಡಿನ ಶಾಲೆಗಳಿಗೆಲ್ಲ ಜಾರಿ ಮಾಡಲಾಯಿತು. ‘ಜಾರಿ’ ಎಂಬ ಮಾತನ್ನು ಗಮನಿಸಬೇಕು. ಕಾರ್ಡುಗಳು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂದವು. ಒಂದು ಕಡೆಯವರಿಗೆ ಸೃಷ್ಟಿಯಾಗಿದ್ದುದು ಇನ್ನೊಂದು ಕಡೆಯವರಿಗೆ ಸುತ್ತೋಲೆಯಾಯಿತು. ಒಂದೇ ಕಾರ್ಡು; ಬರೆದವರಿಗೆ ತೃಪ್ತಿ ಕೊಟ್ಟಿತು, ಪಡೆದವರಲ್ಲಿ ಎಷ್ಟೋ ಮಂದಿಗೆ ಹೊರೆಯಾಯಿತು.

ಇನ್ನು ವಾಸದ ಮಾತು. “ಮೇಷ್ಟ್ರು ಹಳ್ಳಿಯಲ್ಲೇ ಇರಬೇಕು” ಎಂದು ಪಟ್ಟಣದಲ್ಲಿ ಕುಳಿತು ಹೇಳುವುದು ಸುಲಭ. ಎಲ್ಲಿರಬೇಕು? ಹೆಚ್ಚಿನ ಹಳ್ಳಿಗಳಲ್ಲಿ ಉಪಾಧ್ಯಾಯರಿಗೆಂದು ಕಟ್ಟಿದ ಮನೆಯಿಲ್ಲ. ಬಾಡಿಗೆಗೆ ಕೇಳಿದರೆ ಹೆಸರು ಕೇಳುವ ಮೊದಲು ಜಾತಿ ಕೇಳುವ ಊರುಗಳು ಇನ್ನೂ ಇವೆ. ತನ್ನ ಮಕ್ಕಳಿಗೆ ಅಕ್ಷರ ಕಲಿಸುವುದಕ್ಕೆ ಆಗುವ ದಲಿತ ಉಪಾಧ್ಯಾಯ ತನ್ನ ಮನೆಯ ಜಗುಲಿಗೆ ಆಗನೆಂದು ಹೇಳುವ ಊರು ಆತ ಬಸ್ಸಿನಲ್ಲಿ ಬಂದು ಹೋಗುತ್ತಾನೆಂದು ದೂರುವ ಹಕ್ಕನ್ನು ಕಳೆದುಕೊಂಡಿದೆ. ಒಂಟಿ ಹೆಣ್ಣುಮಗಳ ಕಷ್ಟ ಇನ್ನೊಂದು ಬಗೆಯದು. ಶಾಲೆಯಲ್ಲಿ ನೀರಿರುವ ಶೌಚಾಲಯವಿಲ್ಲದಿದ್ದರೆ ಆಕೆಯ ಇಡೀ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಗಂಡಸರ ಸಭೆಗಳಲ್ಲಿ ಯಾರೂ ಆಡುವುದಿಲ್ಲ.

ವರ್ಗಾವಣೆಯ ಕಥೆಯೂ ಹಾಗೆಯೇ. ೨೦೦೭ರಲ್ಲಿ ಉಪಾಧ್ಯಾಯರ ವರ್ಗಾವಣೆಗೆಂದೇ ಕಾನೂನು ಬಂತು. ೨೦೨೦ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. ಮಂತ್ರಿಗಳ ಬಾಗಿಲಲ್ಲಿ ಚೀಟಿ ಹಿಡಿದು ನಿಲ್ಲುವ ಕಾಲಕ್ಕಿಂತ ಎಲ್ಲರೆದುರು ಕೌನ್ಸೆಲಿಂಗ್ ನಡೆಯುವ ಕಾಲ ಎಷ್ಟೋ ಮೇಲು, ಇದನ್ನು ಮೆಚ್ಚಲೇಬೇಕು. ಆದರೆ ಬೇಸಗೆಯ ರಜೆಯಲ್ಲೇ ಮುಗಿಯಬೇಕಾದುದು ಎಷ್ಟೋ ವರ್ಷ ಶಾಲೆ ತೆರೆದ ಮೇಲೂ ನಡೆದಿದೆ. ರಾಯಚೂರು, ಯಾದಗಿರಿಯ ಕಡೆ ನೇಮಕವಾದ ದಕ್ಷಿಣದ ಉಪಾಧ್ಯಾಯ, ಮುಪ್ಪಿನ ತಂದೆತಾಯಿಗಳನ್ನು ಊರಿನಲ್ಲಿ ಬಿಟ್ಟು ಬಂದವನು, ತನ್ನ ಸರದಿ ಯಾವಾಗ ಬಂದೀತೆಂದು ವರ್ಷಗಟ್ಟಲೆ ಲೆಕ್ಕಹಾಕುತ್ತಾನೆ. ಗೊತ್ತಾದ ಅವಧಿಯ ವನವಾಸವನ್ನು ಮನುಷ್ಯ ಸಹಿಸಬಲ್ಲ. ಅವಧಿಯೇ ಇಲ್ಲದ ವನವಾಸವನ್ನು ರಾಮನೂ ಸಹಿಸುತ್ತಿರಲಿಲ್ಲ. ಇದರ ಮೇಲೆ ೨೦೧೭ರ ವೃಂದ ಮತ್ತು ನೇಮಕಾತಿ ನಿಯಮಗಳ ಪೆಟ್ಟು. ಒಂದರಿಂದ ಏಳನೆಯ ತರಗತಿಯವರೆಗೆ ಕಲಿಸಲು ನೇಮಕವಾಗಿ ವರ್ಷಾನುಗಟ್ಟಲೆ ಕಲಿಸಿದವರು ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಅವರು ಒಂದರಿಂದ ಐದರವರೆಗಿನವರು! ಪದವಿ ಪಡೆದಿದ್ದರೂ ಇದೇ ಗತಿ. ಸಂಬಳದಲ್ಲಿ ಒಂದು ಕಾಸು ಕಡಮೆಯಾಗದೆ ಮನುಷ್ಯನ ಮಾನವನ್ನು ಕಡಮೆ ಮಾಡುವುದು ಹೇಗೆಂದು ಇದರಿಂದ ಕಲಿಯಬಹುದು.

ಉಪಾಧ್ಯಾಯರ ಸಂಘಗಳನ್ನೂ ಒಂದು ಮಾತು ಕೇಳಬೇಕಾಗಿದೆ. ಸಂಬಳಕ್ಕಾಗಿ, ಪಿಂಚಣಿಗಾಗಿ, ಬಡ್ತಿಗಾಗಿ ಬೀದಿಗಿಳಿಯುವುದು ನ್ಯಾಯವೇ. ಆದರೆ “ನಮ್ಮ ಪಾಠದ ಹೊತ್ತನ್ನು ನಮಗೆ ಬಿಟ್ಟುಕೊಡಿ” ಎಂಬ ಒಂದೇ ಬೇಡಿಕೆಯಿಟ್ಟು ನೀವು ಎಂದು ಮೆರವಣಿಗೆ ಹೊರಟಿರಿ? ಹಾಗೆ ಹೊರಟಿದ್ದರೆ ತಾಯಿತಂದೆಗಳು ನಿಮ್ಮ ಹಿಂದೆ ಬರುತ್ತಿದ್ದರು. ಬರೀ ಭತ್ಯೆಯ ಮಾತಾಡಿದರೆ ಜನ ನಿಮ್ಮನ್ನು ಭತ್ಯೆಯವರೆಂದೇ ತಿಳಿಯುತ್ತಾರೆ.

ಕೊನೆಯ ಮಾತು ನಮಗೆ, ಭಾನುವಾರ ಕಾಫಿ ಕುಡಿಯುತ್ತ ಈ ಪುಟ ಓದುವ ಪಟ್ಟಣಿಗರಿಗೆ. ನಮ್ಮ ಮಕ್ಕಳು ಸರಕಾರಿ ಕನ್ನಡ ಶಾಲೆಯನ್ನು ಬಿಟ್ಟು ಒಂದು ತಲೆಮಾರು ಕಳೆಯಿತು. ನಮ್ಮ ಮಕ್ಕಳ ಶಾಲೆಯಲ್ಲಿ ಗಣಿತದ ಮೇಡಮ್ ಎರಡು ದಿನ ರಜೆ ಹಾಕಿದರೆ ನಾವು ಪ್ರಿನ್ಸಿಪಾಲರಿಗೆ ಫೋನು ಮಾಡುತ್ತೇವೆ. ಹಳ್ಳಿಯ ಶಾಲೆಯ ಉಪಾಧ್ಯಾಯರನ್ನೆಲ್ಲ ವಾರಗಟ್ಟಲೆ ಎಣಿಕೆಗೆ ಕರೆದೊಯ್ದಾಗ ಬಾಯಿ ಬಿಟ್ಟವರೆಷ್ಟು ಮಂದಿ? ಬಾಯುಳ್ಳವರು ಬಿಟ್ಟುಬಂದ ಶಾಲೆಯಲ್ಲಿ ಬಾಯಿಲ್ಲದವರ ಮಕ್ಕಳು ಉಳಿದಿದ್ದಾರೆ. ಅವರ ಪರವಾಗಿ ಮಾತಾಡಬೇಕಾದ ಮೇಷ್ಟ್ರ ಬಾಯಿಗೆ ಸರಕಾರಿ ನಡತೆಯ ನಿಯಮಗಳ ಬೀಗ. ಇಂಥ ಕಡೆ ಏನನ್ನು ಬೇಕಾದರೂ ಹೇರಬಹುದು.

ಮಾಡಬೇಕಾದುದು ಬೆಟ್ಟ ಕಡಿಯುವ ಕೆಲಸವಲ್ಲ. ಒಂದು ಗ್ರಾಮ ಪಂಚಾಯಿತಿಯ ಶಾಲೆಗಳಿಗೆಲ್ಲ ಸೇರಿ ಒಬ್ಬಿಬ್ಬರು ಗುಮಾಸ್ತರನ್ನು ಕೊಡಲಿ. ಊಟ, ಬಟ್ಟೆ, ವಿದ್ಯಾರ್ಥಿವೇತನದ ಲೆಕ್ಕವೆಲ್ಲ ಅವರದಾಗಲಿ. ೨೭ನೆಯ ವಿಧಿಯನ್ನು ಬರೆದಂತೆಯೇ ನಡೆಸಲಿ. ಜನಗಣತಿ ಬರಲಿ, ಸಮೀಕ್ಷೆಗಳು ಬೇರೆ ಕೈ ಹುಡುಕಿಕೊಳ್ಳಲಿ. ಪಾಠದ ವೇಳೆಯಲ್ಲಿ ಮಾಹಿತಿ ಕೇಳುವ ಸಂದೇಶ ಕಳಿಸುವುದೇ ತಪ್ಪೆಂದು ಆಜ್ಞೆಯಾಗಲಿ. ದೂರದ ಊರಿಗೆ ಹೋದವರಿಗೆ ತಿರುಗಿ ಬರುವ ವರ್ಷ ಹೋಗುವ ದಿನವೇ ಗೊತ್ತಿರಲಿ, ಇರಲು ಮನೆಯಿರಲಿ. ಮೇಲಿನವರು ಶಾಲೆಗೆ ಬಂದರೆ ಕಡತಕ್ಕೆ ಮುಂಚೆ ಒಂದು ಪಾಠ ಕೇಳಲಿ. ತಾಲ್ಲೂಕಿನ ಉಪಾಧ್ಯಾಯರು ತಮ್ಮ ಮಕ್ಕಳಿಗೆ ಬೇಕಾದ ಒಂದಿಷ್ಟು ಪಾಠವನ್ನು ತಾವೇ ಬರೆದುಕೊಳ್ಳುವಂತಾಗಲಿ. ಕೋಟೆಯವರು ಒಮ್ಮೆ ಮಾಡಿ ತೋರಿಸಿದ್ದನ್ನು ಕಲಬುರಗಿಯವರೂ ಕಾರವಾರದವರೂ ಮಾಡಬಲ್ಲರು.

ಹಳ್ಳಿಯ ಮೇಷ್ಟ್ರಿಗೆ ಏನು ಕಡಮೆಯಾಗಿದೆ ಎಂದು ಮತ್ತೆ ಯಾರಾದರೂ ಕೇಳಿದರೆ ಉತ್ತರ ಚಿಕ್ಕದು. ಕರಿಹಲಗೆಯಿದೆ, ಸೀಮೆಸುಣ್ಣವಿದೆ, ಎದುರಿಗೆ ಮಕ್ಕಳಿದ್ದಾರೆ, ತಿಂಗಳಿಗೊಮ್ಮೆ ಸಂಬಳವೂ ಇದೆ. ಪಾಠ ಮಾಡುವುದಕ್ಕೆ ಪುರಸೊತ್ತೊಂದು ಕಡಮೆಯಾಗಿದೆ.